ಕಸ ಮೀನು ಎಂದ ಆ ಒಂದು ಮಾತು

ಲಾಕ್‌ಡೌನ್ ತೆಗೆದ ಮೇಲಿನ ಎರಡನೆಯ ಬೇಸಿಗೆ ಅದು. ಆಗ ನಾನು ಜಹೀರಾಬಾದಿನಲ್ಲಿ ಮೀನುಮರಿ ಸರಬರಾಜು ಮಾಡುತ್ತಿದ್ದೆ. ಸರ್ಕಾರಿ ಹುದ್ದೆಯಲ್ಲ, ನೇಮಕಾತಿ ಪತ್ರ ನನಗೆ ನಾನೇ ಕೊಟ್ಟುಕೊಂಡದ್ದು. ಕಟ್ಲಾ, ರೋಹು, ಮೃಗಾಲ್ ಎಂಬ ಮೂರು ಜಾತಿಯ ಬೆರಳುದ್ದದ ಮರಿಗಳನ್ನು ಆಂಧ್ರದ ಕರಾವಳಿಯ ಹ್ಯಾಚರಿಗಳಿಂದ ತರಿಸಬೇಕು. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಅವು ಬರುತ್ತವೆ. ಅವನ್ನು ಜೀವಂತ ಉಳಿಸಿ ಜಹೀರಾಬಾದು, ನಾರಾಯಣಖೇಡ, ತಾಂಡೂರು ಸುತ್ತಿನ ಕೆರೆಗಳಿಗೆ ತಲುಪಿಸಬೇಕು. ಅಷ್ಟೇ ನನ್ನ ಕೆಲಸ. ಹೇಳಲು ಸುಲಭ. ಬಿಸಿಲಿನಲ್ಲಿ ಲಾರಿ ಅರ್ಧ ಗಂಟೆ ನಿಂತರೆ ಇಡೀ ಲೋಡು ಹೊಟ್ಟೆ ಮೇಲೆ ಮಾಡಿ ತೇಲುತ್ತದೆ.

ಈ ದಂಧೆಯ ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಕಥೆಗೆ ಬೇಕು. ಮರಿ ಬಿಡುವ ಮುನ್ನ ನೀರಿನಲ್ಲಿರುವ ಇತರ ಸಣ್ಣಪುಟ್ಟ ಮೀನುಗಳನ್ನು ತೆಗೆಯಬೇಕು. ಇಲ್ಲದಿದ್ದರೆ ಅವು ಮರಿಯ ಮೇವನ್ನು ತಿನ್ನುತ್ತವೆ, ಕೆಲವು ಮರಿಯನ್ನೇ ತಿನ್ನುತ್ತವೆ. ಅವಕ್ಕೆ ನಾವು ಇಟ್ಟ ಹೆಸರು ಕಸ ಮೀನು. ತೆಗೆಯಲು ಹಿಪ್ಪೆ ಹಿಂಡಿ ಹಾಕುತ್ತಾರೆ. ಹಿಪ್ಪೆ ಬೀಜದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಅದು. ನೆನೆಸಿ ನೀರಿಗೆ ಕದಡಿದರೆ ಒಂದೆರಡು ಗಂಟೆಯಲ್ಲಿ ಮೀನುಗಳಿಗೆ ಉಸಿರು ಕಟ್ಟುತ್ತದೆ. ದನಕರುಗಳಿಗೆ ಏನೂ ಆಗುವುದಿಲ್ಲ. ಎರಡು ವಾರ ಕಳೆದರೆ ವಿಷ ಇಳಿದು ಅದೇ ನೀರಿಗೆ ಗೊಬ್ಬರವಾಗುತ್ತದೆ. ಈ ಉಪಾಯವನ್ನು ನಮ್ಮ ಸೀಮೆಯ ಎಷ್ಟೋ ಊರುಗಳಿಗೆ ಕಲಿಸಿದವನು ನಾನೇ.

ನಮ್ಮದು ಕುರಿ ಸಾಕುವ ಮನೆತನ. ಶಾಲೆ ಬಿಟ್ಟ ಮೇಲೆ ನನ್ನ ವಿದ್ಯಾಭ್ಯಾಸವೆಲ್ಲ ಕುರಿ ಸಂತೆಯಲ್ಲಾಯಿತು. ಅಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಅದುಮಿ ಹೇಳುತ್ತಾರೆ. ಅದಕ್ಕಿಂತ ದೊಡ್ಡ ಪಾಠ ಇನ್ನೊಂದು: ಬೇಕಾದ ಕುರಿಯ ಮುಂದೆ ನಿಂತು ಅದು ಬೇಕು ಎಂದು ತೋರಿಸಿಕೊಳ್ಳಬಾರದು. ಅದರ ಹಲ್ಲು ನೋಡಿ ಮುಖ ಸಿಂಡರಿಸಬೇಕು. ಕಾಲು ಸೊಟ್ಟ ಎನ್ನಬೇಕು. ಎರಡು ಹೆಜ್ಜೆ ಹೋಗಿ ತಿರುಗಿ ನೋಡಬೇಕು. ಸೈಕಲ್ಲಿನ ಮೇಲೆ ಮೀನಿನ ಬುಟ್ಟಿ ಕಟ್ಟಿಕೊಂಡು ಶುರು ಮಾಡಿದ ನಾನು ಎರಡು ಲಾರಿ, ಒಂದು ಜೀಪಿನ ಯಜಮಾನನಾದದ್ದು ಈ ಪಾಠದಿಂದಲೇ. ಅದು ತಪ್ಪಬಹುದು ಎಂದು ಐವತ್ತೆಂಟನೆಯ ವಯಸ್ಸಿನವರೆಗೆ ನನಗೆ ಅನ್ನಿಸಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ಅಂಬಿಕಾ ಎಂಬ ಹುಡುಗಿ ಗೋದಾಮಿಗೆ ಬಂದಳು. ಆಳಂದ ಕಡೆಯವಳು, ಹೈದರಾಬಾದಿನಲ್ಲಿ ಮೀನುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಹಳೆಯ ಗಾಜಿನ ಜಾಡಿಯಲ್ಲಿ ಬಿಳಿಚಿಕೊಂಡ ಮೂರು ಸಣ್ಣ ಮೀನು. ಯಾವುದೋ ಕಾಲೇಜಿನ ಕಪಾಟಿನಲ್ಲಿ ವರ್ಷಗಟ್ಟಲೆ ಕುಳಿತಿದ್ದವಂತೆ. ಜಾಡಿಯ ಚೀಟಿಯ ಮೇಲೆ ಬರೆದಿದ್ದದ್ದು ಇಷ್ಟೇ: ನಾರಾಯಣಖೇಡ ಸೀಮೆ, ಝರಿ ನೀರು. ಊರಿಲ್ಲ, ಹಿಡಿದವರ ಹೆಸರಿಲ್ಲ.

“ಇದು ಲೋಚ್ ಜಾತಿದು ಕಾಕಾ. ಉಸುಕಿನ್ಯಾಗ, ಹರಳಿನ ಕೆಳಗ ಇರ್ತದ. ನಮಗ ಗೊತ್ತಿದ್ದ ಯಾವ ಲೋಚಿಗೂ ಇಷ್ಟು ಬರಾಬರಿ ಪಟ್ಟಿ ಇಲ್ಲ. ಒಂಬತ್ತು ಪಟ್ಟಿ ಅದಾವ ನೋಡ್ರಿ. ಜೀವಂತ ಇದ್ದದ್ದು ಯಾರೂ ನೋಡಿಲ್ಲ.”

ಎರಡು ಗೆಣ್ಣಿನಷ್ಟು ಉದ್ದ, ಬಾಯಿಯ ಸುತ್ತ ಆರು ಮೀಸೆ. ನಾನು ನಕ್ಕೆ. “ಇದಕ್ಕ ತೂಕ ಮಾಡಾಕ ಬಂಗಾರದ ತಕ್ಕಡಿ ಬೇಕಲ್ಲ ಮೇಡಂ.”

ಆಕೆ ನಗಲಿಲ್ಲ. ಜೂನ್ ಮುಗಿದರೆ ಆಕೆಯ ಫೆಲೋಶಿಪ್ ಮುಗಿಯುತ್ತಿತ್ತು. ಮಳೆ ಬಿದ್ದರೆ ಹಳ್ಳಗಳೆಲ್ಲ ಕೆಂಪಗಾಗಿ ಏನೂ ಕಾಣುವುದಿಲ್ಲ. ಅಷ್ಟರೊಳಗೆ ಮೀನು ಜೀವಂತ ಸಿಕ್ಕು, ಸಿಕ್ಕ ಜಾಗದ ದಾಖಲೆ ಆದರೆ, ಆ ನೀರನ್ನು ಯಾರೂ ಮುಟ್ಟದಂತೆ ಅರಣ್ಯ ಇಲಾಖೆಯ ರಕ್ಷಿತ ಜಾಗಗಳ ಪಟ್ಟಿಗೆ ಸೇರಿಸಬಹುದು ಎಂದಳು. ಮೂರು ವರ್ಷ ನದಿಗಳನ್ನು ಸುತ್ತಿ ಕೊನೆಗೆ ಕೆರೆ, ಹಳ್ಳ, ಮಡು ಎಲ್ಲವನ್ನೂ ಬಲ್ಲವರು ಯಾರು ಎಂದು ಕೇಳಿದ್ದಕ್ಕೆ ಯಾರೋ ನನ್ನ ಹೆಸರು ಹೇಳಿದ್ದರಂತೆ. ಹೊಗಳಿಕೆಗೆ ಯಾರು ಬೀಳುವುದಿಲ್ಲ? ಮರಿ ವ್ಯಾಪಾರ ಶುರುವಾಗುವುದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ನನಗೂ ಪುರಸೊತ್ತಿತ್ತು. ಜೀಪು ನನ್ನದು, ಡೀಸೆಲ್ ನಿಮ್ಮದು ಎಂದು ಒಪ್ಪಿಕೊಂಡೆ. ಒಂದೇ ಷರತ್ತು ಹಾಕಿದೆ: ಊರಲ್ಲಿ ಯಾರಿಗೂ ಏನು ಹುಡುಕುತ್ತಿದ್ದೇವೆ ಎಂದು ಹೇಳಬಾರದು, ಫೋಟೋ ತೋರಿಸಬಾರದು. ಮಾತು ನಾನೇ ಆಡುತ್ತೇನೆ.

“ಸೀದಾ ಕೇಳಿದ್ರ ಏನಾಗ್ತದ ಕಾಕಾ?”

“ಸೀದಾ ಕೇಳಿ ನೋಡೀನಿ, ಅದಕ್ಕs ಹೇಳಾಕತ್ತೀನಿ.”

ನನ್ನ ಮಾತಿಗೆ ಆಧಾರವಿತ್ತು. ಹಿಂದೊಮ್ಮೆ ಕೊಡಂಗಲ್ ಕಡೆ ಒಬ್ಬ ಗಿರಾಕಿಗಾಗಿ ದೊಡ್ಡ ಕುಚ್ಚು ಮೀನು ಬೇಕು ಎಂದು ಬಾಯಿಬಿಟ್ಟು ಕೇಳಿದ್ದೆ. ಮರುದಿನ ಬೆಳಿಗ್ಗೆ ನನ್ನ ಮುಂದೆ ಎಂಟು ಜನ ಎಂಟು ಬಕೆಟ್ ಹಿಡಿದು ನಿಂತಿದ್ದರು. ಎಲ್ಲ ಮೀನೂ ಬೇರೆ ಊರಿನ ಪೇಟೆಯಲ್ಲಿ ಕೊಂಡು ತಂದದ್ದು. ಒಬ್ಬೊಬ್ಬನೂ ಇದು ನಮ್ಮ ಕೆರೆಯದೇ ಎಂದು ದೇವರಾಣೆ ಹಾಕಿದ. ಈ ಪಟ್ಟೆ ಮೀನಿನ ಸುದ್ದಿ ಹಬ್ಬಿದರೆ ಯಾರೋ ಸಂಬಂಧವಿಲ್ಲದ ಮೀನಿಗೆ ಪಟ್ಟೆ ಬಳಿದು ತರಲಿಕ್ಕೂ ಹಿಂಜರಿಯುವುದಿಲ್ಲ ಎಂದು ಅಂಬಿಕಾಗೆ ಹೇಳಿದೆ. ಆಕೆ ಒಪ್ಪಿದಳು. ಅಥವಾ ಒಪ್ಪದೆ ಬೇರೆ ದಾರಿ ಇರಲಿಲ್ಲ, ಜೀಪು ನನ್ನದಾಗಿತ್ತು.

ಮೊದಲು ಜಹೀರಾಬಾದಿನ ಸುತ್ತ ನೋಡಿದೆವು. ಕೆಂಪು ಜಂಬಿಟ್ಟಿಗೆ ಕಲ್ಲಿನ ದಿಬ್ಬಗಳ ಬುಡದಲ್ಲಿ ಒರತೆಗಳಿವೆ. ಹುಡುಕುವ ಕ್ರಮ ಹೀಗೆ: ಬೆಳಿಗ್ಗೆ ಬಿಸಿಲು ಏರುವ ಮುನ್ನ, ನೀರು ತಿಳಿಯಾಗಿರುವಾಗ ಇಳಿಯಬೇಕು. ಒಬ್ಬರು ಹರಿವಿನ ಕೆಳಗೆ ಸಣ್ಣ ಕಣ್ಣಿನ ಕೈಬಲೆ ಹಿಡಿದು ನಿಲ್ಲಬೇಕು. ಇನ್ನೊಬ್ಬರು ಮೇಲಿನಿಂದ ಕಾಲಿನಲ್ಲಿ ಹರಳು ಕೆದಕುತ್ತ ಬರಬೇಕು. ಬಲೆಗೆ ಬಿದ್ದದ್ದನ್ನು ಬಿಳಿ ತಟ್ಟೆಗೆ ಸುರಿದು ನೋಡಬೇಕು. ಅರ್ಧ ದಿನ ಬಾಗಿ ನಿಂತು ನನ್ನ ಸೊಂಟ ಬಿಲ್ಲಾಗುತ್ತಿತ್ತು. ಅಂಬಿಕಾ ಮಾತ್ರ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತರೆ ಏಳುತ್ತಲೇ ಇರಲಿಲ್ಲ. ಒಂದು ಕಡೆ ಪಟ್ಟೆಯಿರುವ ಲೋಚ್ ಸಿಕ್ಕಿತು. ನಾನು ಕೂಗಿಯೇಬಿಟ್ಟೆ. ಆಕೆ ಭೂತಗನ್ನಡಿ ಹಿಡಿದು ನೋಡಿ, “ಇವು ಪಟ್ಟಿ ಅಲ್ಲ ಕಾಕಾ, ಚುಕ್ಕಿ ಕೂಡಿಕೊಂಡಾವ. ಇದು ಎಲ್ಲಾ ಕಡಿ ಇರೂದು” ಎಂದು ನೀರಿಗೆ ಬಿಟ್ಟಳು.

ಆಮೇಲೆ ತಾಂಡೂರು. ಕಾಗ್ನಾ ನದಿಯ ಕಾಲುಹಳ್ಳಗಳು, ಪೆದ್ದೆಮುಲ್ ಕಡೆಯ ಕಟ್ಟೆಗಳು, ನೆಲಹಾಸಿನ ಫರಸಿ ಕಲ್ಲು ತೆಗೆದು ಬಿಟ್ಟ ಗಣಿಗಳಲ್ಲಿ ನಿಂತ ಹಸಿರು ನೀರು. ಎಲ್ಲೆಲ್ಲೂ ಹೊರದೇಶದ ತಿಲಾಪಿಯಾ, ಆಫ್ರಿಕದ ಕ್ಯಾಟ್‌ಫಿಶ್. ಹತ್ತು ಬಲೆ ಎತ್ತಿದರೆ ಎಂಟರಲ್ಲಿ ಅವೇ. ಇನ್ನುಳಿದ ಎರಡರಲ್ಲಿ ನಾನೇ ಬಿಟ್ಟ ಕಟ್ಲಾ. ಒಂದು ದಿನ ಅಂಬಿಕಾ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತ, “ಇಲ್ಲಿ ಹಿಂದ ಯಾವ್ಯಾವ ಸಣ್ಣ ಮೀನ ಇದ್ವು ಕಾಕಾ?” ಎಂದು ಕೇಳಿದಳು. ಮೂವತ್ತು ವರ್ಷ ಅದೇ ನೀರಿನಲ್ಲಿ ಓಡಾಡಿದ ನನಗೆ ನಾಲ್ಕು ಹೆಸರು ಹೇಳಲಾಗಲಿಲ್ಲ. ಕಸ ಮೀನಿಗೆ ಬೇರೆ ಬೇರೆ ಹೆಸರಿದ್ದದ್ದನ್ನು ನಾನು ಕಲಿತೇ ಇರಲಿಲ್ಲ.

ಮೇ ತಿಂಗಳ ಮಧ್ಯಕ್ಕೆ ಇಪ್ಪತ್ತೆರಡು ಜಾಗ ಮುಗಿದಿದ್ದವು. ಇಪ್ಪತ್ತಮೂರನೆಯದು ನಾಗಲಗಿದ್ದ ಮಂಡಲದ ಒಂದು ಹಳ್ಳಿ. ಊರಿನ ಹೆಸರು ಬರೆಯುವುದಿಲ್ಲ. ಅವರ ತಪ್ಪಿಲ್ಲದ ಕೆಲಸಕ್ಕೆ ಅವರ ಹೆಸರು ಬೇಡ.

ಆ ಊರಿನ ಮೀನುಗಾರರ ಸಂಘದ ಅಧ್ಯಕ್ಷ ಗಂಗಾರಾಮ. ನಲವತ್ತರ ಆಸುಪಾಸಿನ ಚುರುಕು ಮನುಷ್ಯ. ನನ್ನ ಹತ್ತಿರ ಮರಿ ತೆಗೆದುಕೊಳ್ಳಬೇಕು ಎಂದು ಎರಡು ವರ್ಷದಿಂದ ಫೋನ್ ಮಾಡುತ್ತಿದ್ದ; ದಾರಿ ದೂರ ಎಂದು ನಾನು ತಳ್ಳುತ್ತ ಬಂದಿದ್ದೆ. ನಾವು ಹೋದಾಗ ಅವನು ಮನೆಯಲ್ಲಿರಲಿಲ್ಲ. ಅವನ ತಾಯಿ ಯಂಕಮ್ಮ ಜಗಲಿಯ ಮೇಲೆ ಹುಣಸೆಹಣ್ಣು ಬಡಿದು ಬೀಜ ತೆಗೆಯುತ್ತಿದ್ದಳು. ನೀರು ಕೇಳಿ ಕುಡಿದು ಮಾತಿಗೆ ಕೂತೆ. ಕೆರೆ, ಮಳೆ, ಕೊಕ್ಕರೆ ಎಲ್ಲ ಮಾತಾಡಿ, ಕೊನೆಗೆ ಏನೋ ನೆನಪಾದವನಂತೆ, “ಈ ಕಡಿ ಸಣ್ಣ ಮೀನ ಭಾಳ ಏನು ಆಯಿ?” ಎಂದೆ.

“ಯಾವ ಸಣ್ಣ ಮೀನಪಾ? ಕೆರಿಯಾಗಿನವೋ, ಮಡುವಿನವೋ?”

“ಮಡುವಿನ್ಯಾಗ ಬ್ಯಾರೆ ಇರ್ತಾವೇನು?”

“ಇರ್ತಾವಲ್ಲ. ಪಟ್ಟಾಪಟ್ಟಿ ಲುಂಗಿ ಉಟ್ಟಂಗ ಇರ್ತಾವ. ಉಸುಕಿನ್ಯಾಗ ಹೊಕ್ಕೊಂಡು ಕುಂಡ್ರತಾವ. ತಿನ್ನಾಕ ಬರಂಗಿಲ್ಲ ಬಿಡು, ಅದರಾಗ ಮಾಂಸ ಎಲ್ಲಿ ಅದ? ಮೀಸಿ ಅಷ್ಟs.” ಹಾಗೆಂದು ನನ್ನ ಮೀಸೆ ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಳು.

ಅಂಬಿಕಾ ನನ್ನ ಪಕ್ಕದಲ್ಲಿ ನೋಟ್‌ಬುಕ್ಕು ತೆರೆದಳು. ನಾನು ಆಕಳಿಸಿದೆ. ಹೌದು, ಬೇಕೆಂದೇ ಆಕಳಿಸಿದೆ.

ಮಡು ಊರಿನಿಂದ ಒಂದು ಫರ್ಲಾಂಗು ದೂರ. ಕೆಂಪು ಕಲ್ಲಿನ ದಿಬ್ಬದ ಬುಡದಿಂದ ಒರತೆ ಬರುತ್ತದೆ. ಮೂವತ್ತು ಮಾರು ಉದ್ದದ, ಸೊಂಟಮಟ್ಟದ ಹೊಂಡದಲ್ಲಿ ನಿಂತು, ಆಚೆ ಬದಿಯಿಂದ ಸಣ್ಣ ಧಾರೆಯಾಗಿ ಹಳ್ಳಕ್ಕೆ ಇಳಿಯುತ್ತದೆ. ಮೇ ತಿಂಗಳಲ್ಲೂ ತಳದ ಹರಳು ಎಣಿಸಬಹುದಾದಷ್ಟು ತಿಳಿ ನೀರು. ಒರತೆಯ ಬಾಯಲ್ಲಿ ಅಂಬಿಕಾ ಮೊಣಕಾಲೂರಿ, ಅಂಗೈಯಷ್ಟು ಅಗಲದ ಕಲ್ಲೊಂದನ್ನು ಮೆಲ್ಲಗೆ ಎತ್ತಿದಳು. ಕಲ್ಲಿನ ಕೆಳಗಿನಿಂದ ಒಂದು ಮೀನು ಹೊರಗೆ ಬಂದು ನೀರಿನ ಬೆಳಕಿನಲ್ಲಿ ನಿಂತಿತು. ಜೇನಿನ ಬಣ್ಣದ ಮೈ, ಅದರ ಮೇಲೆ ಕಾಡಿಗೆಯಲ್ಲಿ ಎಳೆದಂಥ ಪಟ್ಟೆ. ಜಾಡಿಯಲ್ಲಿ ನೋಡಿದ ಬಿಳಿಚಿದ ಮೀನಿಗೆ ಇಂಥ ಬಣ್ಣ ಇದ್ದೀತು ಎಂದು ನಾನು ಊಹಿಸಿರಲಿಲ್ಲ. ನಾಲ್ಕು ಸೆಕೆಂಡು ಇರಬೇಕು. ಬಾಲ ಕೊಡವಿ ಉಸುಕಿಗೆ ಹೊಕ್ಕಿತು. ನೀರು ಮತ್ತೆ ಬರಿದಾಯಿತು.

“ಒಂಬತ್ತು,” ಎಂದಳು ಅಂಬಿಕಾ. ಪಟ್ಟೆ ಎಣಿಸಿದ್ದಳು. ಫೋಟೋ ತೆಗೆಯುವುದೇ ಮರೆತುಹೋಗಿತ್ತು.

ಆಗ ಗಂಗಾರಾಮ ಬಂದ. ಸುದ್ದಿ ತಿಳಿದು ಹೊಲದಿಂದ ಓಡಿ ಬಂದಿದ್ದ. ಹಿಂದೆ ಸಂಘದ ನಾಲ್ಕು ಜನ. ದೂರದಿಂದಲೇ ಕೂಗಿದ: “ಏನ್ ಸೇಟಜೀ, ನಮ್ಮ ಕೆರಿ ಬಿಟ್ಟು ಈ ಮಡುವಿನ್ಯಾಗ ಏನ್ ಹುಡುಕಾಕತ್ತೀರಿ? ಉಂಗುರ ಗಿಂಗುರ ಬಿತ್ತೇನ್ರೀ?”

ಇಲ್ಲಿ ನಾನು ನಿಂತು ನಿಧಾನವಾಗಿ ಬರೆಯಬೇಕು.

ಅಂಬಿಕಾ ಬಾಯಿ ತೆರೆದಳು. ನಾನು ಕಣ್ಣಲ್ಲೇ ತಡೆದೆ. ಮೀನು ಕಂಡಾಗಿತ್ತು; ಮಾಲು ಕಂಡ ಮೇಲೇ ಹೆಚ್ಚು ಹುಷಾರಾಗಿರಬೇಕು ಎಂಬುದು ಸಂತೆಯ ಪಾಠ. ಮೀನು ಹಿಡಿಯಲು ಬೇಕಾದ ಪರವಾನಗಿ ಪತ್ರ ಇನ್ನೂ ಆಕೆಯ ಕೈಗೆ ಬಂದಿರಲಿಲ್ಲ, ಎಂಟು ದಿನ ಬೇಕಿತ್ತು. ಆ ಎಂಟು ದಿನ ಯಾರಿಗೂ ಈ ಮೀನಿನ ಬೆಲೆ ತಿಳಿಯಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು.

“ನೀರು ನೋಡಾಕ ಬಂದೀವಿ ಗಂಗಾರಾಮ. ಈ ಮೇಡಂ ನೀರಿನ ಪರೀಕ್ಷಾ ಮಾಡ್ತಾರ. ಚಲೋ ಇದ್ರ ಇಲ್ಲಿ ಮರಿ ನರ್ಸರಿ ಮಾಡಬಹುದೇನು ಅಂತ.”

ನರ್ಸರಿ ಎಂದರೆ ಕಣ್ಣುಬಿಟ್ಟ ಎಳೆಮರಿಗಳನ್ನು ಬೆರಳುದ್ದ ಆಗುವವರೆಗೆ ಸಾಕುವ ಸಣ್ಣ ಹೊಂಡ. ಅದಕ್ಕೆ ಹಸಿರು ನೀರು ಬೇಕು. ಕಣ್ಣಿಗೆ ಕಾಣದ ಜೀವಿಗಳು ತುಂಬಿದ ನೀರು. ಝರಿಯ ತಿಳಿನೀರಿನಲ್ಲಿ ಎಳೆಮರಿ ಹಸಿದು ಸಾಯುತ್ತದೆ. ಮೊದಲ ನೋಟಕ್ಕೇ ನನಗೆ ಅದು ಗೊತ್ತಿತ್ತು. ಗಂಗಾರಾಮನಿಗೆ ಗೊತ್ತಿರಲಿಲ್ಲ. ಅವನ ಮುಖ ಅರಳಿತು.

“ಮಾಡ್ರಿ ಸೇಟಜೀ! ನಮ್ಮೂರಾಗs ಮರಿ ಆದ್ರ ಸುತ್ತಿನ ಹತ್ತೂರಿಗೆ ನಾವs ಕೊಡಬಹುದು. ಹುಡುಗ್ರು ಹೈದರಾಬಾದಿಗೆ ಗೌಂಡಿ ಕೆಲಸಕ್ಕ ಹೋಗೂದು ತಪ್ಪತದ.”

ಅವನ ಉತ್ಸಾಹ ನೋಡಿ ನನಗೆ ಗಾಬರಿಯಾಯಿತು. ಇಂದೇ ಮಾತು ಮುಗಿಸಿ ಎಂದು ಕೂತರೆ? ಕುರಿಯ ಹಲ್ಲು ನೋಡಿ ಮುಖ ಸಿಂಡರಿಸುವ ಅಭ್ಯಾಸ ತಾನಾಗಿ ಬಾಯಿಗೆ ಬಂತು.

“ಛೇ, ಎಲ್ಲೀದು! ಇದರಾಗ ಕಸ ಮೀನ ಭಾಳ ಅದಾವಪಾ. ಇವು ಇರೂತನಕ ನನ್ನ ಮರಿ ಇಲ್ಲಿ ಉಳಿತಾವೇನು? ನೋಡೋಣು ತಗೋ, ಎಂಟು ದಿನ ಬಿಟ್ಟು ಬರ್ತೀನಿ.”

ಗಂಗಾರಾಮ ಮಡುವನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ. “ಆತು ಸೇಟಜೀ,” ಎಂದ. ಅಷ್ಟೇ. ಮಾತು ಮುಗಿಯಿತು ಎಂದುಕೊಂಡೆ. ನನ್ನ ಚಾಣಾಕ್ಷತನಕ್ಕೆ ನಾನೇ ಮೆಚ್ಚಿಕೊಂಡು ಜೀಪು ಹತ್ತಿದೆ.

ನಾರಾಯಣಖೇಡ ದಾಟಿದ ಮೇಲೆ ಅಂಬಿಕಾ ಕೇಳಿದಳು: “ಕಾಕಾ, ಕಸ ಮೀನ ಅಂತ ಯಾಕ ಅಂದ್ರಿ?”

“ಅವನ ಬಾಯಿ ಮುಚ್ಚಸಾಕ.”

“ಅವರಿಗೆ ಹೇಳಿಬಿಡೋಣ್ರಿ. ಗಾಡಿ ತಿರುಗಿಸ್ರಿ. ಆ ಆಯಿಗೆ ಮೀನ ಗೊತ್ತದ. ಅವರs ಕಾಯ್ತಾರ.”

“ಎಂಟು ದಿನ ತಡೀರಿ ಮೇಡಂ. ಕಾಗದ ಕೈಗೆ ಬರಲಿ. ನಾನs ಕುಂತು ತಿಳಿಸಿ ಹೇಳ್ತೀನಿ. ಈ ಜನರ ಸಂಗಡ ಹೆಂಗ ಮಾತಾಡಬೇಕು ನನಗ ಗೊತ್ತದ.”

ಗಾಡಿ ತಿರುಗಿಸಲಿಲ್ಲ. ಅಲ್ಲಿಂದ ಹಳ್ಳಿಗೆ ಮುಕ್ಕಾಲು ಗಂಟೆಯ ದಾರಿ ಇತ್ತು.

ಎಂಟನೆಯ ದಿನ ಪರವಾನಗಿ ಪತ್ರ, ಆಮ್ಲಜನಕದ ಚೀಲ, ಒಳ್ಳೆಯ ಕ್ಯಾಮೆರಾ ಎಲ್ಲ ಹೊಂದಿಸಿಕೊಂಡು ಹೊರಟೆವು. ಮಡುವಿಗೆ ಇನ್ನೂ ನೂರು ಹೆಜ್ಜೆ ಇರುವಾಗಲೇ ನನಗೆ ವಾಸನೆ ಬಡಿಯಿತು. ಹಿಪ್ಪೆ ಹಿಂಡಿಯ ವಾಸನೆಯನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ: ಕಮಟು ಎಣ್ಣೆ, ಹುಳಿತ ಬೆಲ್ಲ ಎರಡೂ ಸೇರಿದಂತೆ. ನಾನು ನಿಂತುಬಿಟ್ಟೆ. ಅಂಬಿಕಾಗೆ ಆ ವಾಸನೆಯ ಅರ್ಥ ಗೊತ್ತಿರಲಿಲ್ಲ. ಬಲೆ ಹಿಡಿದು ಮುಂದೆ ನಡೆದಳು.

ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಅಂಚಿನಲ್ಲಿ ಒಣಗಿದ ನೊರೆಯ ಗೆರೆ. ನೀರು ಹೊರಗೆ ಹೋಗುವ ಕಡೆ ಮಣ್ಣು ಹಾಕಿ ಅಚ್ಚುಕಟ್ಟಾಗಿ ಒಡ್ಡು ಕಟ್ಟಿದ್ದರು, ಹಿಂಡಿಯ ಸತ್ವ ಹರಿದು ಹೋಗಬಾರದೆಂದು. ಸುತ್ತಿನ ಊರುಗಳಿಗೆ ನಾನೇ ಕಲಿಸಿದ ರೀತಿ. ತಳದ ಕಲ್ಲುಗಳನ್ನೂ ಹೊರಗೆ ತೆಗೆದು ರಾಶಿ ಹಾಕಿದ್ದರು. ಒರತೆಯ ಬಾಯನ್ನು ಸಲಿಕೆಯಿಂದ ಕೆರೆದು ಹಸನು ಮಾಡಿದ್ದರು.

ಗಂಗಾರಾಮ ಹೊಸ ಅಂಗಿ ಹಾಕಿಕೊಂಡು ಸಂಘದವರ ಜೊತೆ ಕಾಯುತ್ತಿದ್ದ. ಯಂಕಮ್ಮ ಒಂದು ಬುಟ್ಟಿಯಲ್ಲಿ ನಮಗಾಗಿ ರೊಟ್ಟಿ, ಪುಂಡಿಪಲ್ಯ ತಂದಿದ್ದಳು.

“ಬರ್ರಿ ಸೇಟಜೀ! ನೋಡ್ರಿ ಈಗ. ಒಂದs ಒಂದು ಕಸ ಮೀನ ತೋರಸ್ರಿ ನೋಡೋಣು. ನೀವು ಹೋದ ಮರುದಿನಾನs ಹಿಂಡಿ ತಂದು ಹಾಕಿದ್ವಿ. ಇಡೀ ಸಂಘ ಮೂರು ದಿನ ನಿಂತು ಕೆಲಸ ಮಾಡೇದ.”

ಅಂಬಿಕಾ ಆ ಕಲ್ಲಿನ ರಾಶಿಯ ಹತ್ತಿರ ಹೋಗಿ ಕುಳಿತಳು. ಸತ್ತ ಮೀನುಗಳನ್ನು ಅದರ ಪಕ್ಕಕ್ಕೆ ಎತ್ತಿ ಹಾಕಿದ್ದರು. ಕಾಗೆ, ನಾಯಿ, ಇರುವೆ ಬಿಟ್ಟದ್ದು ಏನು ಉಳಿದಿತ್ತೋ ಅದನ್ನು ಒಂದೊಂದಾಗಿ ಬಿಳಿ ತಟ್ಟೆಗೆ ಹಾಕತೊಡಗಿದಳು. ಹುಣಸೆ ಸಿಪ್ಪೆಯಂತೆ ಒಣಗಿದ ತುಂಡುಗಳು. ಪಟ್ಟೆ ಇದ್ದವು ಹನ್ನೊಂದು ಸಿಕ್ಕವು.

“ಮೇಡಂ ಏನ್ ಆರಸಾಕತ್ತಾರ?” ಗಂಗಾರಾಮ ಕೇಳಿದ.

ಆಗ ಹೇಳಿದೆ. ಎಲ್ಲವನ್ನೂ ಹೇಳಿದೆ. ಜಾಡಿ, ಮೂರು ವರ್ಷದ ಹುಡುಕಾಟ, ಈ ಮೀನಿಗಾಗಿಯೇ ಬಂದದ್ದು, ನರ್ಸರಿಯ ಮಾತು ಸುಳ್ಳು, ಈ ನೀರಿನಲ್ಲಿ ಮರಿ ಬೆಳೆಯುವುದೇ ಇಲ್ಲ ಎಂಬುದು. ಗಂಗಾರಾಮನ ಹಿಂದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಒಂದು ಮಾತು ಹೇಳಿದ್ರ ಆಗ್ತಿತ್ತಲ್ರೀ ಸೇಟಜೀ. ಕಾಯ್ರಿ ಅಂದಿದ್ರ ಕಾಯ್ತಿದ್ವಿ. ತಗೀರಿ ಅಂದ್ರಿ, ತಗದ್ವಿ” ಎಂದ.

ಯಂಕಮ್ಮ ಬುಟ್ಟಿ ಕೆಳಗಿಟ್ಟು ತಟ್ಟೆಯಲ್ಲಿ ಇಣುಕಿದಳು. “ಅಯ್ಯ, ಇದಕ್ಕೇನs ನೀವು ಬಂದಿದ್ದು? ಅವತ್ತು ನಾನು ಹೇಳೂಮುಂದ ಆಕಳಸಾಕತ್ತಿದ್ದೆಲ್ಲೋ ಮಾರಾಯ!”

ನಾನು ಅಂಬಿಕಾಳ ಪಕ್ಕ ಕುಳಿತು ರಾಶಿ ಕೆದಕತೊಡಗಿದೆ.

ಮುದುಕಿಯೇ ಒಂದು ದಾರಿ ಹೇಳಿದಳು. ಹಿಂದೆ ಹೊಸ ಬಾವಿ ತೋಡಿದರೆ, ನೀರು ಬಂದ ದಿನ ಮಡುವಿನಿಂದ ಈ ಪಟ್ಟೆ ಮೀನು ಹಿಡಿದು ಕೊಡದಲ್ಲಿ ಒಯ್ದು ಬಾವಿಗೆ ಬಿಡುತ್ತಿದ್ದರಂತೆ. ಹುಳಹುಪ್ಪಟೆ ತಿಂದು ನೀರು ಹಸನಾಗಿಡುತ್ತವೆ ಎಂದು. ಹಾಗಾದರೆ ಯಾವುದಾದರೂ ಹಳೆಯ ಬಾವಿಯಲ್ಲಿ ಉಳಿದಿರಬಹುದು. ಅಂದೇ ಶುರು ಮಾಡಿದೆವು. ಗಂಗಾರಾಮ ನನ್ನೊಂದಿಗೆ ಹೆಚ್ಚು ಮಾತಾಡಲಿಲ್ಲ, ಆದರೆ ಪ್ರತಿಯೊಂದು ಬಾವಿಗೂ ಹಗ್ಗ ಹಿಡಿದು ಅವನೇ ಇಳಿದ. ಸುತ್ತಿನ ಐದು ಊರುಗಳಲ್ಲಿ ಹದಿನೇಳು ಬಾವಿ. ಬೋರ್‌ವೆಲ್ ಬಂದ ಮೇಲೆ ಬಾವಿಗಳನ್ನು ಯಾರೂ ನೋಡಿರಲಿಲ್ಲ. ಆರು ಒಣಗಿದ್ದವು, ನಾಲ್ಕಕ್ಕೆ ಮನೆಮಂದಿಯ ಕಸ ತುಂಬಿತ್ತು. ಉಳಿದವುಗಳಲ್ಲಿ ಕಪ್ಪೆ, ಆಮೆ, ಎರಡರಲ್ಲಿ ತಿಲಾಪಿಯಾ. ಕೊನೆಯ ಬಾವಿಯಿಂದ ಹತ್ತಿ ಬಂದ ಗಂಗಾರಾಮ ಅಂಬಿಕಾಗೆ ಬರಿ ಅಂಗೈ ತೋರಿಸಿದ. ಮರುದಿನ ಮಳೆ ಬಂತು. ಹಳ್ಳ ಕೆಂಪಾಗಿ ಹರಿಯಿತು.

ಜೂನ್ ಕೊನೆಗೆ ಅಂಬಿಕಾ ವರದಿ ಬರೆದು ನನಗೆ ಓದಿ ಹೇಳಲು ಗೋದಾಮಿಗೆ ಬಂದಳು. ಮೀನು ಜೀವಂತ ಕಂಡದ್ದು ಒಂದೇ ಸಲ, ಫೋಟೋ ಇಲ್ಲ. ಹನ್ನೊಂದು ಒಣಗಿದ ಮಾದರಿ. ಅವು ಕೊಳೆತು ಒಣಗಿದ್ದರಿಂದ ಹೊಸ ಜಾತಿ ಎಂದು ಖಚಿತವಾಗಿ ಹೇಳಲಿಕ್ಕೂ ಬರುವುದಿಲ್ಲ. ನಾಶಕ್ಕೆ ಕಾರಣ ಎಂಬಲ್ಲಿ, “ಸ್ಥಳೀಯ ಮೀನುಗಾರರು ಹಿಪ್ಪೆ ಹಿಂಡಿ ಬಳಸಿದ್ದು” ಎಂದಿತ್ತು.

“ಅದು ತಪ್ಪು,” ಎಂದೆ. “ಅದನ್ನ ಬದಲಿಸು ಅವ್ವಾ. ಮೀನುಮರಿ ವ್ಯಾಪಾರಿ ಸುಳ್ಳು ಹೇಳಿದ್ದಕ್ಕ ಅಂತ ಬರಿ. ನನ್ನ ಹೆಸರು ಹಾಕು ಬೇಕಾದ್ರ.”

ಆಕೆ ಪೆನ್ನು ತೆಗೆದಳು. “ಈಗ ಸೀದಾ ಕೇಳಾಕತ್ತೀರಿ ಕಾಕಾ,” ಎಂದಳು. ಸಿಟ್ಟಿನಿಂದ ಅಲ್ಲ. ದಣಿದಿದ್ದಳು. ಸಾಲು ಹೊಡೆದು ಹಾಕಿ, ನಾನು ಹೇಳಿದ್ದನ್ನು ಬರೆದುಕೊಂಡಳು, ಹೆಸರು ಹಾಕಲಿಲ್ಲ. ಈಗ ಆಕೆ ಬೇರೆ ರಾಜ್ಯದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಯುಗಾದಿಗೆ ಮೆಸೇಜು ಬರುತ್ತದೆ. ಮೀನಿನ ವಿಷಯ ಇಬ್ಬರೂ ಎತ್ತುವುದಿಲ್ಲ.

ಗಂಗಾರಾಮನ ಊರಿನ ಕೆರೆಗೆ ಅಂದಿನಿಂದ ಪ್ರತಿವರ್ಷ ನಾನೇ ಮರಿ ಕೊಡುತ್ತೇನೆ. ಚೆನ್ನಾಗಿ ಬೆಳೆಯುತ್ತಿವೆ. ಮಡುವಿನ ಒಡ್ಡು ಮಾತ್ರ ಅವನು ಅದೇ ಜೂನಿನಲ್ಲಿ ಕಿತ್ತು ಹಾಕಿ, ಕಲ್ಲುಗಳನ್ನು ಮತ್ತೆ ಒಳಗೆ ಇಟ್ಟ. ನೀರು ಹಿಂದಿನಂತೆಯೇ ತಿಳಿಯಾಗಿದೆ. ಬೇಸಿಗೆಯಲ್ಲಿ ಹೋದರೆ ಒರತೆಯ ಬಾಯಲ್ಲಿ ಒಂದು ಕಲ್ಲು ಎತ್ತಿ ನೋಡುತ್ತೇನೆ. ಉಸುಕು ಮಾತ್ರ ಇರುತ್ತದೆ.

ವ್ಯಾಪಾರಕ್ಕೆ ಇಳಿಯುವ ಹುಡುಗರು ನನ್ನ ಹತ್ತಿರ ಸಲಹೆ ಕೇಳಲು ಬರುತ್ತಾರೆ. ಕೇಳದಿದ್ದರೂ ನಾನು ಕೊಡುತ್ತೇನೆ. ಚೌಕಾಸಿ ಬಿಡಬೇಡಿ ಎಂದೇ ಹೇಳುತ್ತೇನೆ. ಕುರಿಗೆ, ಮೀನಿಗೆ, ಲಾರಿ ಬಾಡಿಗೆಗೆ ಮಾಡಿ. ಮಾರಾಟಕ್ಕೆ ಇರುವುದನ್ನು ಎಷ್ಟಾದರೂ ಹಳಿಯಿರಿ. ಮಾರುವವನಿಗೂ ಆ ಆಟ ಗೊತ್ತಿರುತ್ತದೆ. ಆದರೆ ನೀವು ಉಳಿಸಬೇಕೆಂದು ಹೋದದ್ದನ್ನು ಅದರ ಪಕ್ಕದಲ್ಲೇ ಬದುಕುವ ಜನರ ಎದುರು ಎಂದೂ ಹಳಿಯಬೇಡಿ. ನಿಮ್ಮ ಮಾತಿಗೆ ಬೆಲೆ ಇರುವ ಊರಿನಲ್ಲಂತೂ ಬೇಡವೇ ಬೇಡ. ಅಲ್ಲಿ ನೀವು ಬಾಯಿಮಾತಿಗೆ ಆಡಿದ್ದನ್ನೂ ಜನ ಮಾಡಿ ತೋರಿಸುತ್ತಾರೆ. ನಾನು ಹೆದರಿದ್ದು ಗಂಗಾರಾಮ ದೊಡ್ಡ ಬೆಲೆ ಹೇಳುತ್ತಾನೆ ಎಂದು. ಹೇಳಲಿ ಬಿಡಿ. ಅವನು ಏನು ಕೇಳಿದ್ದರೂ, ನಮ್ಮ ಜಗ್ಗಾಟ ಮುಗಿಯುವವರೆಗೆ ಮೀನು ನೀರಿನಲ್ಲೇ ಇರುತ್ತಿತ್ತು.